ಅರ್ಥಶುಚಿಯ ಪರೀಕ್ಷೆ: ಧನವನ್ನು ಒಪ್ಪಿಸುವ ಮುನ್ನ ವ್ಯಕ್ತಿಯ ಪೂರ್ವಾಪರ ವಿಚಾರಣೆ

೧

ಒಬ್ಬನ ಕೈಗೆ ಧನವನ್ನು ಒಪ್ಪಿಸುವ ಮುನ್ನ, ಅಥವಾ ಧನದ ವಿಷಯದಲ್ಲಿ ಒಬ್ಬನ ಸಲಹೆಯನ್ನು ನಂಬಿ ನಡೆಯುವ ಮುನ್ನ, ಅವನ ಪೂರ್ವಾಪರಗಳನ್ನು ವಿಚಾರಿಸಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ವಿಚಾರಿಸುವುದೆಂದರೆ ಏನು? ಯಾರನ್ನು ಕೇಳಬೇಕು? ಕೇಳಿದ ಮೇಲೆ ತಿಳಿಯುವುದೆಷ್ಟು, ತಿಳಿಯದೆ ಉಳಿಯುವುದೆಷ್ಟು? ಈ ಪ್ರಶ್ನೆಗಳನ್ನು ಅಷ್ಟು ಸುಲಭವಾಗಿ ಬಗೆಹರಿಸಲಾಗದು. ಉಪಾಧ್ಯಾಯ ವೃತ್ತಿಯಲ್ಲಿದ್ದವರು ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಇಡುಗಂಟನ್ನು ಪರಿಚಿತರೊಬ್ಬರ ಮಾತಿನ ಮೇಲೆ ಯಾರಿಗೋ ಒಪ್ಪಿಸಿ ಕಳೆದುಕೊಂಡ ಪ್ರಸಂಗಗಳು ನಮ್ಮ ಓದುಗರಿಗೆ ಅಪರಿಚಿತವಲ್ಲ. ಅಂಥವರಲ್ಲಿ ಬಹುಮಂದಿ ವಿಚಾರಿಸದೆ ಕೊಟ್ಟವರಲ್ಲ. ತಕ್ಕವರನ್ನು ತಕ್ಕ ಪ್ರಶ್ನೆ ಕೇಳದೆ ಕೊಟ್ಟವರು.

ಈ ಪ್ರಶ್ನೆಗಳನ್ನು ಕ್ರಮಬದ್ಧವಾಗಿ ಎತ್ತಿಕೊಂಡು ಚರ್ಚಿಸಿದ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಅಗ್ರಸ್ಥಾನ ಸಲ್ಲುತ್ತದೆ. ಈ ಗ್ರಂಥದ ಪುನರುಪಲಬ್ಧಿಗೂ ಮೈಸೂರಿಗೂ ಇರುವ ಸಂಬಂಧ ಸರ್ವವಿದಿತ. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದ ಗ್ರಂಥಲಿಪಿಯ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೫ರಿಂದ ವಿದ್ವಜ್ಜಗತ್ತಿಗೆ ಪರಿಚಯಿಸತೊಡಗಿದರು. ಮೂಲಪಾಠವು ೧೯೦೯ರಲ್ಲಿಯೂ ಅವರದೇ ಇಂಗ್ಲಿಷ್ ಭಾಷಾಂತರವು ೧೯೧೫ರಲ್ಲಿಯೂ ಪ್ರಕಟವಾದುವು. ಈ ಗ್ರಂಥದ ಮೊದಲ ಎರಡು ಅಧಿಕರಣಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಧನಾಧಿಕಾರಿಯ ಆಯ್ಕೆಯ ವಿಷಯದಲ್ಲಿ ಪ್ರಾಚೀನರು ಕಂಡುಕೊಂಡ ಕ್ರಮವೇನೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲಿಗೇ ಎರಡು ಎಚ್ಚರಿಕೆಯ ಮಾತುಗಳು ಅವಶ್ಯಕ. ಒಂದನೆಯದು, ಅರ್ಥಶಾಸ್ತ್ರವು ಹೀಗೆ ನಡೆಯಬೇಕೆಂದು ವಿಧಿಸುವ ಶಾಸ್ತ್ರ. ಹೀಗೆ ನಡೆಯಿತೆಂದು ಹೇಳುವ ವೃತ್ತಾಂತವಲ್ಲ. ಅದರ ಕಾಲದ ವಿಷಯದಲ್ಲಿಯೂ ಒಮ್ಮತವಿಲ್ಲ. ಚಂದ್ರಗುಪ್ತ ಮೌರ್ಯನ ಕಾಲದ್ದೆಂದು ಮೊದಲ ವಿದ್ವಾಂಸರು ಬಗೆದಿದ್ದರೆ, ಈಗಿರುವ ರೂಪವು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿ ಹಲವರ ಕೈಯಿಂದ ಸಿದ್ಧವಾಯಿತೆಂದು ಈಚಿನ ಅನೇಕರು ಅಭಿಪ್ರಾಯಪಡುತ್ತಾರೆ. ಎರಡನೆಯದು, ಶುಲ್ಕ ಪಡೆದು ಹಣ ಹೂಡುವ ಬಗೆಯನ್ನು ಹೇಳಿಕೊಡುವ ಇಂದಿನ ಹಣಕಾಸು ಸಲಹೆಗಾರನಂಥ ವೃತ್ತಿಯು ಆ ಗ್ರಂಥದಲ್ಲಿಲ್ಲ. ಅವನಿಗೆ ಸಮೀಪವಾಗಿ ನಿಲ್ಲುವವರು ಇಬ್ಬರು: ರಾಜನ ಆಯವ್ಯಯಗಳನ್ನು ನಡೆಸುವ ಅಮಾತ್ಯ, ಮತ್ತು ಜನರ ನಿಕ್ಷೇಪವನ್ನು ಇಟ್ಟುಕೊಳ್ಳುವ ವರ್ತಕ ಅಥವಾ ಶ್ರೇಣಿ. ಇಬ್ಬರಲ್ಲಿಯೂ ಮೂಲಪ್ರಶ್ನೆ ಒಂದೇ: ಪರರ ಧನವನ್ನು ಮುಟ್ಟುವವನನ್ನು ಅರಿಯುವುದು ಹೇಗೆ?

೨

ಅಮಾತ್ಯರನ್ನು ಯಾರೊಳಗಿಂದ ಆರಿಸಬೇಕೆಂಬ ಚರ್ಚೆಯು ಮೊದಲನೆಯ ಅಧಿಕರಣದ ಎಂಟನೆಯ ಅಧ್ಯಾಯದಲ್ಲಿದೆ. ಇಲ್ಲಿ ಕೌಟಿಲ್ಯನು ಪೂರ್ವಾಚಾರ್ಯರ ಮತಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ, ಪ್ರತಿಯೊಂದನ್ನೂ ಮುಂದಿನವನಿಂದ ಖಂಡಿಸುತ್ತಾನೆ. ಸಹಪಾಠಿಗಳನ್ನು ನೇಮಿಸಬೇಕೆಂದು ಭಾರದ್ವಾಜನ ಮತ. ಅವರ ಶೌಚವೂ ಸಾಮರ್ಥ್ಯವೂ ಮೊದಲೇ ತಿಳಿದಿರುತ್ತವೆ ಎಂಬುದು ಕಾರಣ. ಜೊತೆಯಲ್ಲಿ ಆಡಿ ಬೆಳೆದವರು ಒಡೆಯನನ್ನು ಲಘುವಾಗಿ ಕಾಣುತ್ತಾರೆಂದು ವಿಶಾಲಾಕ್ಷನು ಅದನ್ನು ತಳ್ಳಿ, ತನ್ನಂತೆಯೇ ಗುಟ್ಟಿನ ದೋಷಗಳುಳ್ಳವರನ್ನು ಆರಿಸಬೇಕೆನ್ನುತ್ತಾನೆ. ರಹಸ್ಯ ಬಯಲಾದೀತೆಂಬ ಭಯದಿಂದ ಅವರು ತಪ್ಪಿ ನಡೆಯರಂತೆ. ಆ ಭಯ ಒಡೆಯನಿಗೂ ಇರುವುದಷ್ಟೆ, ಆಗ ಅವನೇ ಅವರಿಗೆ ಅಧೀನನಾಗುತ್ತಾನೆಂದು ಪರಾಶರ ಪಕ್ಷದ ಉತ್ತರ. ಪ್ರಾಣಾಪಾಯದಲ್ಲಿ ನೆರವಾದವರನ್ನು ನೇಮಿಸಬೇಕೆಂಬುದು ಆ ಪಕ್ಷದ ಸಲಹೆ.

ಇಲ್ಲಿ ಪಿಶುನನು ಎತ್ತುವ ಆಕ್ಷೇಪ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಪ್ರಾಣ ಕೊಟ್ಟು ಕಾಯುವುದು ಭಕ್ತಿಯೇ ಹೊರತು ಬುದ್ಧಿಯ ಗುಣವಲ್ಲ. ಇಷ್ಟು ಆದಾಯವೆಂದು ಎಣಿಸಿ ಗೊತ್ತುಮಾಡಿದ ಕೆಲಸಗಳಲ್ಲಿ ನಿಯುಕ್ತರಾಗಿ, ಅಷ್ಟನ್ನಾಗಲಿ ಅದಕ್ಕಿಂತ ಹೆಚ್ಚನ್ನಾಗಲಿ ತಂದವರನ್ನೇ ನೇಮಿಸಬೇಕೆಂದು ಅವನ ಮತ. ಇದಕ್ಕೂ ಖಂಡನೆಯುಂಟು. ಹೆಚ್ಚು ತಂದುಕೊಟ್ಟಮಾತ್ರಕ್ಕೆ ಅಮಾತ್ಯನಿಗೆ ಬೇಕಾದ ಉಳಿದ ಗುಣಗಳು ಅವನಲ್ಲಿವೆಯೆಂದು ಹೇಳಲಾಗದು. ಆದುದರಿಂದ ವಂಶಪಾರಂಪರ್ಯವಾಗಿ ಬಂದವರು ಮೇಲೆಂದು ಕೌಣಪದಂತನು ಹೇಳುತ್ತಾನೆ. ಹಳಬರು ಎಲ್ಲವನ್ನೂ ತಮ್ಮ ವಶಮಾಡಿಕೊಂಡು ತಾವೇ ಒಡೆಯರಾಗುತ್ತಾರೆಂದು ವಾತವ್ಯಾಧಿಯು ನೀತಿಬಲ್ಲ ಹೊಸಬರನ್ನು ಹೇಳಿದರೆ, ಶಾಸ್ತ್ರ ಬಲ್ಲರೂ ಕೆಲಸ ಕಂಡರಿಯದವನು ಕಾರ್ಯದಲ್ಲಿ ಕುಸಿಯುತ್ತಾನೆಂದು ಬಾಹುದಂತೀಪುತ್ರನು ಅದನ್ನೂ ನಿರಾಕರಿಸುತ್ತಾನೆ.

ಕೌಟಿಲ್ಯನ ನಿರ್ಣಯವು ಸಂಕ್ಷಿಪ್ತವಾಗಿದೆ: ಎಲ್ಲ ಮತಗಳಲ್ಲಿಯೂ ಸತ್ಯಾಂಶವಿದೆ, ಆದರೆ ಪುರುಷನ ಸಾಮರ್ಥ್ಯವನ್ನು ಅವನ ಕಾರ್ಯಸಾಮರ್ಥ್ಯದಿಂದಲೇ ನಿಶ್ಚಯಿಸಬೇಕು. ಸ್ನೇಹ, ಸಮಾನ ದೋಷ, ಉಪಕಾರ, ಲಾಭ ತಂದುಕೊಟ್ಟ ಖ್ಯಾತಿ, ಮನೆತನ, ವಿದ್ಯೆ—ಮನುಷ್ಯನು ಮನುಷ್ಯನನ್ನು ನಂಬುವುದಕ್ಕೆ ಇರುವ ಕಾರಣಗಳು ಬಹುಮಟ್ಟಿಗೆ ಈ ಆರೇ. ಒಂದೊಂದೂ ಪ್ರತ್ಯೇಕವಾಗಿ ನಿಂತಾಗ ಏಕೆ ಸಾಲದೆಂಬುದನ್ನು ಈ ಅಧ್ಯಾಯವು ತೋರಿಸಿಕೊಟ್ಟಿದೆ.

೩

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಒಂಬತ್ತನೆಯ ಅಧ್ಯಾಯವು ಇದಕ್ಕೆ ಉತ್ತರ ಕೊಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಪೂರ್ವಾಪರ ವಿಚಾರಣೆಯ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಹಳೆಯ ನಿರೂಪಣೆ ದೊರೆಯುವುದು ಕಷ್ಟ.

ಅಲ್ಲಿನ ಕ್ರಮವಿದು. ವ್ಯಕ್ತಿಯ ಗುಣಗಳನ್ನು ಮೊದಲು ಬಿಡಿಸಿ, ಯಾವ ಗುಣವನ್ನು ಯಾರು ಬಲ್ಲರೋ ಆ ಗುಣವನ್ನು ಅವರಿಂದಲೇ ಕೇಳಿ ತಿಳಿಯಬೇಕು. ಹುಟ್ಟಿದ ನಾಡು, ಮನೆತನ, ಕಟ್ಟಿಗೆ ಒಳಪಡುವ ಸ್ವಭಾವ—ಇವನ್ನು ಆಪ್ತರಾದವರಿಂದ ತಿಳಿಯಬೇಕು. ವಿದ್ಯೆಯನ್ನೂ ಕೈಗೆಲಸದ ನೈಪುಣ್ಯವನ್ನೂ ಅದೇ ವಿದ್ಯೆಯನ್ನು ಬಲ್ಲ ಬೇರೆಯವರಿಂದ ಅಳೆಯಿಸಬೇಕು. ಬುದ್ಧಿ, ಧಾರಣಶಕ್ತಿ, ದಕ್ಷತೆಗಳನ್ನು ಕೈಕೊಂಡ ಕಾರ್ಯಗಳಲ್ಲಿಯೂ, ಮಾತಿನ ಶಕ್ತಿ ಮತ್ತು ಪ್ರತಿಭೆಯನ್ನು ಸಂಭಾಷಣೆಯಲ್ಲಿಯೂ, ತಾಳ್ಮೆಯನ್ನು ಆಪತ್ತಿನಲ್ಲಿಯೂ, ಶುಚಿತ್ವವನ್ನು ವ್ಯವಹಾರದಲ್ಲಿಯೂ ಕಾಣಬೇಕು. ಶೀಲ, ಆರೋಗ್ಯ, ಚಾಪಲ್ಯವಿಲ್ಲದಿರುವಿಕೆ ಮೊದಲಾದುವನ್ನು ಜೊತೆಯಲ್ಲಿ ವಾಸಮಾಡಿದವರಿಂದ ಅರಿಯಬೇಕು.

ಈ ವಿಂಗಡಣೆಯಲ್ಲಿ ಒಂದು ಮಾತನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಅಭ್ಯರ್ಥಿಯೊಡನೆ ಮುಖಾಮುಖಿ ಮಾತನಾಡಿದಾಗ ತಿಳಿಯುವುದು ಅವನ ವಾಗ್ಮಿತೆ ಮತ್ತು ಧೈರ್ಯ, ಇಷ್ಟೆ. ಅವನ ಶುಚಿತ್ವವು ಸಂಭಾಷಣೆಯಿಂದ ತಿಳಿಯುವ ಗುಣಗಳ ಪಟ್ಟಿಯಲ್ಲಿಲ್ಲ. ಅದು ವ್ಯವಹಾರದಿಂದ ತಿಳಿಯುವ ಗುಣ. ನಯವಾಗಿ, ಧೈರ್ಯವಾಗಿ, ಕೇಳಿದ್ದಕ್ಕೆ ಥಟ್ಟನೆ ಉತ್ತರ ಹೇಳುವವನನ್ನು ಪ್ರಾಮಾಣಿಕನೆಂದು ಬಗೆಯುವುದು ಒಂದು ಸಾಕ್ಷಿಯ ಮಾತನ್ನು ಬೇರೊಂದು ಪ್ರಶ್ನೆಗೆ ಉತ್ತರವೆಂದು ಸ್ವೀಕರಿಸಿದಂತೆ. ಧನ ಕಳೆದುಕೊಂಡವರ ವೃತ್ತಾಂತಗಳಲ್ಲಿ ಪದೇಪದೇ ಕಂಡುಬರುವುದು ಈ ದೋಷವೇ.

ಇದೇ ಅಧ್ಯಾಯದಲ್ಲಿ ರಾಜನ ಜ್ಞಾನವು ಮೂರು ಬಗೆಯೆಂದು ಹೇಳಿದೆ: ತಾನೇ ಕಂಡದ್ದು ಪ್ರತ್ಯಕ್ಷ, ಇತರರು ಹೇಳಿದ್ದು ಪರೋಕ್ಷ, ಮಾಡಿದ ಕೆಲಸದಿಂದ ಮಾಡದಿರುವ ಕೆಲಸವನ್ನು ಊಹಿಸುವುದು ಅನುಮೇಯ. ಇತಿಹಾಸದ ವಿದ್ಯಾರ್ಥಿಗೆ ಈ ವಿಭಾಗ ಹೊಸದಲ್ಲ. ಶಾಸನವೊಂದನ್ನು ಓದುವಾಗ ನಾವೂ ಬರೆಯಿಸಿದವನಾರು, ಅವನಿಗೆ ಈ ಸಂಗತಿ ತಿಳಿದಿರಲು ಅವಕಾಶವಿತ್ತೆ, ಸುಳ್ಳು ಹೇಳುವುದರಿಂದ ಅವನಿಗೆ ಲಾಭವಿತ್ತೆ ಎಂದು ಕೇಳುತ್ತೇವೆ. ವ್ಯಕ್ತಿಯ ಪೂರ್ವಾಪರ ವಿಚಾರಣೆಯೂ ತತ್ತ್ವತಃ ಆಕರಗಳ ವಿಮರ್ಶೆಯೇ ಆಗಿದೆ.

೪

ಗುಣಗಳನ್ನು ಕೇಳಿ ತಿಳಿದ ಮೇಲೆ ಶೌಚವನ್ನು ಒರೆಗೆ ಹಚ್ಚುವ ವಿಧಾನವು ಹತ್ತನೆಯ ಅಧ್ಯಾಯದ ವಿಷಯ. ಇವೇ ಪ್ರಸಿದ್ಧವಾದ ನಾಲ್ಕು ಉಪಧೆಗಳು: ಧರ್ಮ, ಅರ್ಥ, ಕಾಮ, ಭಯ. ಅರ್ಥೋಪಧೆಯಲ್ಲಿ, ಅಯೋಗ್ಯರಿಗೆ ಆಶ್ರಯ ಕೊಟ್ಟನೆಂಬ ನೆಪದಿಂದ ಪದಚ್ಯುತನಾದಂತೆ ತೋರಿಸಿದ ಸೇನಾಪತಿಯು ಗೂಢಚಾರರ ಮೂಲಕ ಒಬ್ಬೊಬ್ಬ ಅಮಾತ್ಯನಿಗೂ ಧನದ ಆಸೆ ತೋರಿಸಿ, ರಾಜನ ನಾಶಕ್ಕೆ ಪ್ರೇರಿಸುತ್ತಾನೆ; ಉಳಿದವರೆಲ್ಲರೂ ಒಪ್ಪಿದ್ದಾರೆ, ನಿನ್ನ ಅಭಿಪ್ರಾಯವೇನೆಂದು ಕೇಳಿಸುತ್ತಾನೆ. ನಿರಾಕರಿಸಿದವನು ಅರ್ಥಶುಚಿ.

ಇಂಥ ಕಪಟಪರೀಕ್ಷೆಯನ್ನು ನಾವಾರೂ ಅನುಕರಿಸಬೇಕಾದುದಿಲ್ಲ. ಗಮನಾರ್ಹವಾದುದು ಅದರ ಫಲವನ್ನು ಬಳಸಿಕೊಳ್ಳುವ ರೀತಿ. ಧರ್ಮೋಪಧೆಯಲ್ಲಿ ಶುದ್ಧರಾದವರನ್ನು ನ್ಯಾಯಸ್ಥಾನಗಳಲ್ಲಿಯೂ ಕಂಟಕಶೋಧನದಲ್ಲಿಯೂ, ಅರ್ಥೋಪಧೆಯಲ್ಲಿ ಶುದ್ಧರಾದವರನ್ನು ಸಮಾಹರ್ತೃ ಮತ್ತು ಸನ್ನಿಧಾತೃಗಳ ಇಲಾಖೆಗಳಲ್ಲಿಯೂ, ಎಂದರೆ ಕಂದಾಯದಲ್ಲಿಯೂ ಭಂಡಾರದಲ್ಲಿಯೂ, ನಿಯಮಿಸಬೇಕು. ನಾಲ್ಕರಲ್ಲಿಯೂ ಶುದ್ಧನಾದವನು ಮಾತ್ರ ಮಂತ್ರಿಯಾಗಬಲ್ಲನು. ಶುಚಿತ್ವವನ್ನು ಒಂದೇ ಅಖಂಡ ಗುಣವೆಂದು ಶಾಸ್ತ್ರಕಾರನು ಎಣಿಸಿಲ್ಲ. ಭಯಕ್ಕೆ ಬಗ್ಗದವನು ಹಣಕ್ಕೆ ಬಗ್ಗಬಹುದು. ಧರ್ಮನಿಷ್ಠನೆಂದು ಹೆಸರಾದವನು ಲೆಕ್ಕದಲ್ಲಿ ಜಾರಬಹುದು. ಹಣದ ಕೆಲಸಕ್ಕೆ ಹಣದ ವಿಷಯದಲ್ಲಿಯೇ ಪರೀಕ್ಷೆಯಾಗಬೇಕು.

ಪರೀಕ್ಷೆಗೂ ಒಂದು ಮೇರೆಯುಂಟು. ರಾಜನು ತನ್ನನ್ನಾಗಲಿ ರಾಣಿಯನ್ನಾಗಲಿ ಉಪಧೆಯ ಗುರಿಯಾಗಿ ಒಡ್ಡಬಾರದೆಂದು ಕೌಟಿಲ್ಯನು ಪೂರ್ವಾಚಾರ್ಯರಿಗಿಂತ ಭಿನ್ನವಾಗಿ ನಿಷೇಧಿಸುತ್ತಾನೆ. ತಿಳಿನೀರಿಗೆ ವಿಷ ಬೆರಸಿದಂತೆ, ಕೆಡದ ಮನಸ್ಸನ್ನು ಪರೀಕ್ಷೆಯೇ ಕೆಡಿಸಬಹುದು. ಒಮ್ಮೆ ಕೆಟ್ಟ ಬುದ್ಧಿಗೆ ಔಷಧ ದೊರೆಯುವುದೆಂಬ ಭರವಸೆಯಿಲ್ಲ. ನಿರ್ದಯನೆಂದು ಹೆಸರಾದ ಈ ಶಾಸ್ತ್ರಕಾರನಿಗೆ ಅತಿಸಂಶಯದ ಕೇಡೂ ತಿಳಿದಿತ್ತು.

೫

ಇಷ್ಟೆಲ್ಲ ಪರೀಕ್ಷೆಗಳಾದ ಮೇಲೆ ಅಧಿಕಾರಿಯನ್ನು ನಂಬಿ ನಿಶ್ಚಿಂತರಾಗಬಹುದೆ? ಎರಡನೆಯ ಅಧಿಕರಣದ ಉತ್ತರ, ಆಗದು ಎಂದು. ಒಂಬತ್ತನೆಯ ಅಧ್ಯಾಯದ ಆರಂಭದಲ್ಲಿಯೇ, ಅಮಾತ್ಯಗುಣಗಳಿಂದ ಕೂಡಿದ ಅಧ್ಯಕ್ಷರನ್ನು ಶಕ್ತ್ಯನುಸಾರವಾಗಿ ನೇಮಿಸಿ, ಅವರನ್ನು ನಿತ್ಯವೂ ಪರೀಕ್ಷಿಸುತ್ತಿರಬೇಕೆಂದು ವಿಧಿಸಿದೆ. ಕಾರಣ, ಮನುಷ್ಯರ ಚಿತ್ತ ಸ್ಥಿರವಲ್ಲ. ಕುದುರೆಯಂತೆ ಅವರೂ ಕೆಲಸಕ್ಕೆ ಹೂಡಿದ ಮೇಲೆ ಬದಲಾಗುತ್ತಾರೆ. ಪೂರ್ವವಿಚಾರಣೆಯು ನಿನ್ನೆಯ ಮನುಷ್ಯನನ್ನು ತಿಳಿಸೀತೇ ಹೊರತು ನಾಳೆ ಭಂಡಾರದ ಬೀಗದ ಕೈ ಹಿಡಿದವನನ್ನು ತಿಳಿಸಲಾರದು.

ಆದುದರಿಂದ ಅರ್ಥಶಾಸ್ತ್ರವು ವ್ಯಕ್ತಿಯಿಂದ ವ್ಯವಸ್ಥೆಯ ಕಡೆಗೆ ತಿರುಗುತ್ತದೆ. ಅಧ್ಯಕ್ಷನು ಒಬ್ಬನೇ ಕೆಲಸ ಮಾಡುವಂತಿಲ್ಲ. ಎಣಿಸುವವನು, ಬರೆಯುವವನು, ನಾಣ್ಯವನ್ನು ಪರೀಕ್ಷಿಸುವವನು, ಉಳಿಕೆಯನ್ನು ಸ್ವೀಕರಿಸುವವನು, ಮೇಲ್ವಿಚಾರಕನು—ಇವರೊಡನೆ ಸೇರಿಯೇ ನಡೆಸಬೇಕು. ಅಧಿಕಾರಿಗಳು ಒಂದುಗೂಡಿದರೆ ತಿನ್ನುತ್ತಾರೆ, ಜಗಳವಾಡಿದರೆ ಕೆಲಸವನ್ನು ಕೆಡಿಸುತ್ತಾರೆ, ಎರಡಕ್ಕೂ ಎಡೆಗೊಡಬಾರದು. ಏಳನೆಯ ಅಧ್ಯಾಯದ ಪ್ರಕಾರ ಲೆಕ್ಕದ ವರ್ಷವು ಆಷಾಢದ ಹುಣ್ಣಿಮೆಗೆ ಮುಗಿಯುತ್ತದೆ. ಮುದ್ರೆಯೊತ್ತಿದ ಕಡತಗಳೊಡನೆ ಅಕ್ಷಪಟಲಕ್ಕೆ ಬಂದ ಕರಣಿಕರು ಪರಸ್ಪರ ಮಾತನಾಡದಂತೆ ನೋಡಿಕೊಳ್ಳಬೇಕು.

ಎಂಟನೆಯ ಅಧ್ಯಾಯವು ಅಪಹಾರದ ನಲವತ್ತು ಉಪಾಯಗಳನ್ನು ಎಣಿಸುತ್ತದೆ. ಸಂಶಯ ಬಂದಲ್ಲಿ ನಿಯುಕ್ತನು, ಇಟ್ಟುಕೊಂಡವನು, ಬರೆದವನು, ತೆಗೆದುಕೊಂಡವನು, ಕೊಟ್ಟವನು, ಕೊಡಿಸಿದವನು, ಸಲಹೆ ಕೊಟ್ಟವನ ಸಹಾಯಕ—ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಪ್ರಶ್ನಿಸಬೇಕು. ಈತನಿಂದ ನಷ್ಟಹೊಂದಿದವರು ಬಂದು ತಿಳಿಸಿರಿ ಎಂದು ನಾಡಿನಲ್ಲಿ ಸಾರಿಸಬೇಕು. ಅಪಹಾರವನ್ನು ತಿಳಿಸಿ ಸ್ಥಾಪಿಸಿದವನಿಗೆ ಆ ಧನದ ಆರನೆಯ ಒಂದು ಪಾಲು, ಅವನು ಸಂಬಳದ ಆಳಾಗಿದ್ದರೆ ಹನ್ನೆರಡನೆಯ ಒಂದು ಪಾಲು ಸಲ್ಲುತ್ತದೆ. ಸ್ಥಾಪಿಸಲಾರದವನಿಗೆ ದಂಡನೆಯುಂಟು.

ಇನ್ನೊಂದು ವಾದವೂ ಉಲ್ಲೇಖಾರ್ಹ. ಆದಾಯ ಅಲ್ಪವಾಗಿದ್ದು ಖರ್ಚು ಬಹಳವಾಗಿದ್ದರೆ ಅಧಿಕಾರಿಯು ತಿನ್ನುತ್ತಾನೆ, ಆದಾಯಕ್ಕೆ ತಕ್ಕ ಖರ್ಚಿದ್ದರೆ ತಿನ್ನುವುದಿಲ್ಲ ಎಂದು ಪೂರ್ವಾಚಾರ್ಯರ ಲೆಕ್ಕಾಚಾರ. ಕೌಟಿಲ್ಯನು ಇದನ್ನು ಒಪ್ಪುವುದಿಲ್ಲ. ಚಾರರ ಮೂಲಕ ವಿಚಾರಿಸಿಯೇ ತಿಳಿಯಬೇಕೆನ್ನುತ್ತಾನೆ. ಸರಳ ಜೀವನವು ಸತ್ಯಸಂಧತೆಯ ಪ್ರಮಾಣಪತ್ರವಲ್ಲವೆಂಬುದು ಇದರ ತಾತ್ಪರ್ಯ.

೬

ಇದುವರೆಗೆ ಹೇಳಿದುದು ರಾಜಭಂಡಾರದ ಮಾತು. ಚಾರರೂ ಅಕ್ಷಪಟಲವೂ ಇಲ್ಲದ ಸಾಮಾನ್ಯ ಗೃಹಸ್ಥನು ತನ್ನ ಉಳಿತಾಯವನ್ನು ಯಾರನ್ನು ನಂಬಿ ಇಡಬೇಕು? ಮನುಸ್ಮೃತಿಯ ಎಂಟನೆಯ ಅಧ್ಯಾಯವು ನಿಕ್ಷೇಪ ಇಡತಕ್ಕವನ ಲಕ್ಷಣವನ್ನು ಹೇಳುತ್ತದೆ: ಕುಲೀನನೂ ಸದ್ವೃತ್ತನೂ ಧರ್ಮಜ್ಞನೂ ಸತ್ಯವಾದಿಯೂ ಆಗಿರುವುದಲ್ಲದೆ, ಅವನು ಬಹುಬಂಧುಗಳುಳ್ಳವನೂ ಧನವಂತನೂ ಆಗಿರಬೇಕು. ಕೊನೆಯ ಎರಡು ಲಕ್ಷಣಗಳು ಲೌಕಿಕ ವಿವೇಕದಿಂದ ಬಂದವು. ನಷ್ಟವಾದರೆ ತುಂಬಿಕೊಡಲು ಅವನಿಗೆ ಶಕ್ತಿಯಿರಬೇಕು, ಇಲ್ಲವೆ ಅವನ ಹಿಂದೆ ಜನರಿರಬೇಕು. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿಯೂ, ನಷ್ಟವನ್ನು ಕಟ್ಟಿಕೊಡಬಲ್ಲ ಮತ್ತು ಶ್ರೇಣಿಯ ಹೊಣೆಯುಳ್ಳ ಶಿಲ್ಪಿಗಳು ಮಾತ್ರ ನಿಕ್ಷೇಪವನ್ನು ಸ್ವೀಕರಿಸಬೇಕೆಂದೂ, ಸ್ವೀಕರಿಸಿದವನಿಗೆ ವಿಪತ್ತು ಬಂದರೆ ಶ್ರೇಣಿಯೇ ಅದನ್ನು ಹೊರಬೇಕೆಂದೂ ಇದೆ. ಮೂರನೆಯ ಅಧಿಕರಣದಲ್ಲಿ ನಿಕ್ಷೇಪದ ಪ್ರಕರಣವು ಮುಗಿಯುವುದು ಒಂದು ಹಿತವಚನದಿಂದ: ತನ್ನವರೊಡನೆಯೇ ಆಗಲಿ ಪರರೊಡನೆಯೇ ಆಗಲಿ, ವ್ಯವಹಾರವು ಸಾಕ್ಷಿಗಳ ಮುಂದೆ, ಮರೆಯಿಲ್ಲದೆ, ದೇಶಕಾಲಗಳನ್ನು ನಮೂದಿಸಿ ನಡೆಯಬೇಕು.

ಈ ವಿಷಯದಲ್ಲಿ ಶಾಸ್ತ್ರದ ಮಾತಿಗೆ ಶಾಸನಗಳ ಬೆಂಬಲವಿರುವುದು ಸಂತೋಷದ ಸಂಗತಿ. ಕ್ಷಹರಾತ ನಹಪಾನನ ಅಳಿಯನಾದ ಉಷವದಾತನು ನಾಸಿಕದ ಗುಹಾಶಾಸನದಲ್ಲಿ ೩,೦೦೦ ಕಾರ್ಷಾಪಣಗಳ ಶಾಶ್ವತ ನಿಧಿಯನ್ನು ದಾಖಲಿಸಿದ್ದಾನೆ. ಅದರಲ್ಲಿ ೨,೦೦೦ವನ್ನು ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೂ, ೧,೦೦೦ವನ್ನು ಮತ್ತೊಂದು ನೇಕಾರ ಶ್ರೇಣಿಯಲ್ಲಿ ನೂರಕ್ಕೆ ಮುಕ್ಕಾಲರ ಬಡ್ಡಿಗೂ ಇಡಲಾಗಿತ್ತು. ಮೊದಲನೆಯದರಿಂದ ವರ್ಷಕ್ಕೆ ಬರುವ ಬಡ್ಡಿ ೨೪೦; ಶಾಸನವು ಹೇಳುವಂತೆ ಇಪ್ಪತ್ತು ಭಿಕ್ಷುಗಳಿಗೆ ತಲಾ ೧೨ರಂತೆ ಚೀವರದ ಹಣಕ್ಕೆ ಇದು ಸರಿಯಾಗಿ ಸಾಲುತ್ತದೆ. ಬಡ್ಡಿಯನ್ನು ಮಾತ್ರ ಬಳಸಬೇಕು, ಮೂಲಧನ ಹಿಂತಿರುಗತಕ್ಕದ್ದಲ್ಲ. ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ಫಲಕದಲ್ಲಿ ಬರೆಯಿಸಲಾಯಿತು. ದಾತನು ರಾಜನ ಅಳಿಯನಾಗಿದ್ದೂ ಧನವನ್ನು ಒಂದೇ ಕೈಗೆ ಕೊಡಲಿಲ್ಲ, ಗುಟ್ಟಾಗಿಯೂ ಕೊಡಲಿಲ್ಲ.

ಸ್ಕಂದಗುಪ್ತನ ಕಾಲದ ಇಂದೋರ್ ತಾಮ್ರಪಟವು ಗುಪ್ತಶಕ ೧೪೬ರದು, ಎಂದರೆ ಕ್ರಿ.ಶ. ೪೬೫-೬೬ರದು. ಇದರಲ್ಲಿ ಇಂದ್ರಪುರದ ಸೂರ್ಯದೇವಾಲಯದ ದೀಪಕ್ಕಾಗಿ ಬಿಟ್ಟ ದತ್ತಿಯು ಜೀವಂತನೆಂಬುವನು ಮುಖ್ಯನಾಗಿದ್ದ ಗಾಣಿಗರ ಶ್ರೇಣಿಗೆ ಸೇರಿದೆ. ಶ್ರೇಣಿಯು ಈ ಊರನ್ನು ಬಿಟ್ಟು ಹೋದರೂ, ಅದು ಒಗ್ಗಟ್ಟಾಗಿರುವವರೆಗೆ ಹೊಣೆ ಅದರದೇ ಎಂಬ ನಿಬಂಧನೆ ಇಲ್ಲಿದೆ. ಹೊಣೆಗಾರನು ಊರು ಬಿಟ್ಟರೆ ಏನು ಗತಿ ಎಂಬ ಪ್ರಶ್ನೆಯನ್ನು ದಾತನು ದತ್ತಿ ಬಿಡುವ ಮುನ್ನವೇ ಕೇಳಿಕೊಂಡಿದ್ದನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೭

ಆಧುನಿಕ ಕಾಲದಲ್ಲಿ ಶ್ರೇಣಿಯ ಹೊಣೆಯ ಸ್ಥಾನಕ್ಕೆ ಸರಕಾರದ ನೋಂದಣಿ ಬಂದಿದೆ. ಅಮೆರಿಕದಲ್ಲಿ ೧೯೨೯ರ ಷೇರುಪೇಟೆಯ ಕುಸಿತದ ತರುವಾಯ ನಡೆದ ವಿಚಾರಣೆಗಳ ಫಲವಾಗಿ ೧೯೩೪ರಲ್ಲಿ ಷೇರು ವಿನಿಮಯ ಆಯೋಗವೂ, ೧೯೪೦ರಲ್ಲಿ ಹೂಡಿಕೆ ಸಲಹೆಗಾರರ ಶಾಸನವೂ ಉಂಟಾದುವು. ನಮ್ಮ ದೇಶದಲ್ಲಿ ಸೆಬಿಯು ೨೦೧೩ರಲ್ಲಿ ಹೂಡಿಕೆ ಸಲಹೆಗಾರರ ವಿಧಿಗಳನ್ನು ಜಾರಿಗೆ ತಂದಿತು. ಶುಲ್ಕ ಪಡೆದು ಸಲಹೆ ಕೊಡುವವರು ನೋಂದಾಯಿಸಿಕೊಂಡಿದ್ದಾರೆಯೇ ಎಂಬುದನ್ನು ಈಗ ಯಾರು ಬೇಕಾದರೂ ಸೆಬಿಯ ಪಟ್ಟಿಯಲ್ಲಿ ನೋಡಿ ತಿಳಿಯಬಹುದು. ಇದು ಗಣನೀಯವಾದ ಸೌಕರ್ಯ; ನೋಡದೆ ಮುಂದುವರಿಯುವುದು ಅವಿವೇಕ.

ಆದರೆ ಪಟ್ಟಿಯನ್ನು ನೋಡಿದರೆ ಸಾಕೆ? ನ್ಯೂಯಾರ್ಕಿನ ಬರ್ನಾರ್ಡ್ ಮ್ಯಾಡಾಫ್‌ನ ಪ್ರಕರಣವು ಸಾಲದೆಂದು ತೋರಿಸುತ್ತದೆ. ಅವನು ನ್ಯಾಸ್‌ಡ್ಯಾಕ್ ಷೇರುಪೇಟೆಯ ಅಧ್ಯಕ್ಷನಾಗಿದ್ದವನು. ೨೦೦೬ರಲ್ಲಿ ಸಲಹೆಗಾರನಾಗಿ ನೋಂದಣಿಯನ್ನೂ ಪಡೆದನು. ಜನರು ಅವನಲ್ಲಿಗೆ ಬಂದುದು ಬಹುಪಾಲು ಸ್ನೇಹಿತರ, ಕ್ಲಬ್ಬುಗಳ, ಧರ್ಮಸಂಸ್ಥೆಗಳ ಪರಿಚಯದಿಂದ. ವರ್ಷವರ್ಷವೂ ಏರುಪೇರಿಲ್ಲದ ಲಾಭ ಬರುತ್ತಿದ್ದುದು ಅವರ ನಂಬಿಕೆಯನ್ನು ಬಲಪಡಿಸಿತು. ೨೦೦೮ರ ಡಿಸೆಂಬರಿನಲ್ಲಿ ವಂಚನೆ ಬಯಲಾದಾಗ ಗಿರಾಕಿಗಳ ಲೆಕ್ಕಪತ್ರಗಳಲ್ಲಿ ಕಾಗದದ ಮೇಲಿದ್ದ ಮೊತ್ತವು ಸುಮಾರು ೬,೫೦೦ ಕೋಟಿ ಡಾಲರುಗಳು. ಹ್ಯಾರಿ ಮಾರ್ಕೊಪೊಲಸ್ ಎಂಬುವರು ೨೦೦೫ರಲ್ಲಿಯೇ ಆಯೋಗಕ್ಕೆ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಆಯೋಗವು ಹಲವು ಬಾರಿ ವಿಚಾರಣೆ ನಡೆಸಿದ್ದರೂ, ಅವನು ಹೇಳಿದ ಕ್ರಯವಿಕ್ರಯಗಳು ನಿಜವಾಗಿ ನಡೆದಿವೆಯೇ ಎಂದು ಸ್ವತಂತ್ರವಾದ ಮೂರನೆಯವರಲ್ಲಿ ಕೇಳಿ ತಾಳೆ ನೋಡಲಿಲ್ಲವೆಂದು ೨೦೦೯ರ ತನಿಖಾ ವರದಿ ಹೇಳಿತು.

ಕೌಟಿಲ್ಯನ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಭಾರದ್ವಾಜನ ಸ್ನೇಹವಿತ್ತು, ಪಿಶುನನ ಲಾಭವಿತ್ತು, ವಿದ್ಯೆಯ ಖ್ಯಾತಿಯೂ ಇತ್ತು. ಇಲ್ಲದಿದ್ದುದು ಎರಡನೆಯ ಅಧಿಕರಣದ ವ್ಯವಸ್ಥೆ. ಸಲಹೆ ಕೊಟ್ಟವನು, ಧನವನ್ನು ಇಟ್ಟುಕೊಂಡವನು, ಲೆಕ್ಕ ಬರೆದು ಗಿರಾಕಿಗೆ ಕಳುಹಿಸಿದವನು—ಮೂವರೂ ಒಬ್ಬನೇ ಆಗಿದ್ದನು. ಲೆಕ್ಕಪರಿಶೋಧನೆಯು ಒಂದು ಪುಟ್ಟ ಕಚೇರಿಯ ಕೈಯಲ್ಲಿತ್ತು. ಒಬ್ಬೊಬ್ಬರನ್ನಾಗಿ ಪ್ರಶ್ನಿಸೋಣವೆಂದರೆ ಪ್ರಶ್ನಿಸಲು ಇದ್ದವನೇ ಒಬ್ಬ.

೮

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಪ್ರಾಚೀನರ ದೃಷ್ಟಿಯಲ್ಲಿ ಪೂರ್ವಾಪರ ವಿಚಾರಣೆಯು ಒಬ್ಬನಿಗೆ ಒಳ್ಳೆಯವನೆಂಬ ಮುದ್ರೆಯನ್ನು ಒಮ್ಮೆಗೇ ಒತ್ತಿಬಿಡುವ ಕ್ರಿಯೆಯಾಗಿರಲಿಲ್ಲ. ಒಂದೊಂದು ಗುಣವನ್ನೂ ಅದನ್ನು ಬಲ್ಲವರಿಂದ ಕೇಳುವುದು. ಹಣದ ಕೆಲಸಕ್ಕೆ ಹಣದ ವಿಷಯದ ನಡತೆಯನ್ನೇ ನೋಡುವುದು. ನಷ್ಟವಾದರೆ ಹೊಣೆ ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ಸಾಕ್ಷಿಗಳ ಮುಂದೆ ಬರೆಯಿಸುವುದು. ಸಲಹೆ, ಸಂರಕ್ಷಣೆ, ಲೆಕ್ಕ ಇವು ಬೇರೆ ಬೇರೆ ಕೈಗಳಲ್ಲಿರುವಂತೆ ನೋಡಿಕೊಳ್ಳುವುದು. ನೇಮಿಸಿದ ಮೇಲೆಯೂ ವಿಚಾರಿಸುತ್ತಿರುವುದು—ಇಷ್ಟೂ ಸೇರಿ ಅರ್ಥಶುಚಿಯ ಪರೀಕ್ಷೆಯೆನಿಸುತ್ತದೆ.

ಇವುಗಳಲ್ಲಿ ರಾಜನಿಗೆ ಮಾತ್ರ ಸಾಧ್ಯವಾದುದು ಉಪಧೆಯೊಂದೇ. ಉಳಿದುವನ್ನು ಸಾಮಾನ್ಯ ಗೃಹಸ್ಥನೂ ಮಾಡಬಲ್ಲನು: ಸೆಬಿಯ ಪಟ್ಟಿಯಲ್ಲಿ ಹೆಸರನ್ನು ನೋಡಬಹುದು, ಹಿಂದೆ ವ್ಯವಹರಿಸಿದವರನ್ನು ಕೇಳಬಹುದು, ಹಣವನ್ನು ಸಲಹೆಗಾರನ ಕೈಗೇ ಕೊಡದೆ ತನ್ನ ಹೆಸರಿನ ಖಾತೆಯಲ್ಲಿಯೇ ಇರಿಸಬಹುದು, ಲೆಕ್ಕವನ್ನು ಬೇರೊಂದು ಕಡೆಯಿಂದಲೂ ತರಿಸಿ ತಾಳೆ ನೋಡಬಹುದು. ಹೀಗೆ ಕೇಳುವುದು ಅವಮಾನವೆಂದು ನಮ್ಮಲ್ಲಿ ಹಲವರು ಸಂಕೋಚಪಡುತ್ತಾರೆ. ರಾಜನ ಅಳಿಯನಾದ ಉಷವದಾತನು ನೇಕಾರರಿಗೆ ಹಣ ಕೊಡುವಾಗ ನಿಗಮಸಭೆಯಲ್ಲಿ ಸಾರಿಸಿದನು. ಅದರಿಂದ ನೇಕಾರರ ಮಾನಕ್ಕೆ ಕುಂದು ಬಂದಂತೆ ಆ ಶಾಸನದಲ್ಲಿ ಎಲ್ಲಿಯೂ ಕಾಣುವುದಿಲ್ಲ.